ಎರಡು ಟ್ಯೂಪಲ್ ಸಮವೇ? ಒಳಗಿನದನ್ನು ನೋಡಿ ಹೋಲಿಸುವುದು ಹೇಗೆ

ಇಲ್ಲೊಂದು ಟ್ಯೂಪಲ್, ಅಂದರೆ ಕ್ರಮವಾಗಿ ಜೋಡಿಸಿಟ್ಟ ಮೌಲ್ಯಗಳ ಗುಂಪು, ಇದೆ: (3, 5). ಪಕ್ಕದಲ್ಲೇ ಇನ್ನೊಂದು: (3, 5). ಎರಡೂ ಸಮವಾ ಅಂತ ಯಾರಾದರೂ ಕೇಳಿದರೆ ನಾವು ಯೋಚಿಸದೆ ಹೌದು ಅಂತೀವಿ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳನ್ನು ಕೇಳಿದರೆ ಉತ್ತರ ಇಷ್ಟು ಸಲೀಸಲ್ಲ. ಪೈಥಾನ್ ಹೌದು ಅನ್ನುತ್ತದೆ. ಸಿ ಶಾರ್ಪ್‌ನ ಹಳೆಯ ಟ್ಯೂಪಲ್ ಕ್ಲಾಸ್ == ಹಾಕಿದರೆ ಇಲ್ಲ ಅನ್ನುತ್ತದೆ, ಈಕ್ವಲ್ಸ್ ಮೆಥಡ್ ಕರೆದರೆ ಹೌದು ಅನ್ನುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಟ್ಯೂಪಲ್ ಇಲ್ಲದ್ದಕ್ಕೆ ಅರೇ ಬಳಸುತ್ತೇವಲ್ಲ, ಅಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಎರಡು ಅರೇಗಳು ಒಳಗೆ ಏನೇ ಇದ್ದರೂ == ಕಣ್ಣಿಗೆ ಸಮವಲ್ಲ.

ಗೊಂದಲ ಎಲ್ಲಿಂದ ಬರುತ್ತದೆ ನೋಡಿ. ಟ್ಯೂಪಲ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ‘ನೀವಿಬ್ಬರೂ ಸಮವಾ?’ ಎಂಬ ಪ್ರಶ್ನೆಯನ್ನು ತನ್ನೊಳಗಿನ ಒಂದೊಂದು ಅಂಶಕ್ಕೂ ದಾಟಿಸುತ್ತದೆ. ಎಲ್ಲ ಅಂಶಗಳೂ ಹೌದು ಅಂದರೆ ತಾನೂ ಹೌದು ಅನ್ನುತ್ತದೆ. ಹಾಗಾಗಿ ನಾವು ಪತ್ತೆ ಮಾಡಬೇಕಾದ ಸಂಗತಿ ಎರಡೇ. ನಾವು ಬರೆದ ಸಾಲು ಪ್ರಶ್ನೆಯನ್ನು ನಿಜಕ್ಕೂ ಒಳಗೆ ದಾಟಿಸುತ್ತಿದೆಯಾ? ದಾಟಿಸಿದರೆ, ಒಳಗಿನ ಅಂಶಕ್ಕೆ ಕೇಳಿಸುವ ಪ್ರಶ್ನೆ ಯಾವುದು? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಹಂತ 1: ನಿಮಗೆ ಯಾವ ಸಮಾನತೆ ಬೇಕು?

ಒಂದು, ಎರಡು ಹೆಸರುಗಳೂ ಮೆಮೊರಿಯಲ್ಲಿರುವ ಅದೇ ಆಬ್ಜೆಕ್ಟ್ ಅನ್ನು ತೋರಿಸುತ್ತಿವೆಯಾ ಎಂದು ಕೇಳಬಹುದು. ಇದು ರೆಫರೆನ್ಸ್ ಹೋಲಿಕೆ. ಇನ್ನೊಂದು, ಆಬ್ಜೆಕ್ಟ್ ಬೇರೆ ಆದರೂ ಉದ್ದ ಅಷ್ಟೇ ಇದೆಯಾ, ಪ್ರತಿ ಜಾಗದಲ್ಲಿರುವ ಅಂಶವೂ ಸಮವಾ ಎಂದು ಕೇಳಬಹುದು. ಇದು ರಚನೆಯ ಹೋಲಿಕೆ. ಟ್ಯೂಪಲ್ ಬಳಸುವವರಿಗೆ ಬೇಕಾಗುವುದು ಬಹುತೇಕ ಸಲ ಎರಡನೆಯದೇ. ಟ್ಯೂಪಲ್ ಅಂದರೆ ಮೌಲ್ಯಗಳ ಗುಂಪು. ಅದಕ್ಕೆ ತನ್ನದೇ ಗುರುತು ಅಂತ ಏನೂ ಬೇಕಿಲ್ಲ.

ರಚನೆಯ ಹೋಲಿಕೆಯಲ್ಲಿ ಜಾಗಕ್ಕೆ ಬೆಲೆ ಇದೆ. (3, 5) ಮತ್ತು (5, 3) ಬೇರೆ. ನಿಮ್ಮ ಕೆಲಸಕ್ಕೆ ಇವೆರಡೂ ಒಂದೇ ಆಗಬೇಕಾದರೆ ನಿಮಗೆ ಬೇಕಿರುವುದು ಟ್ಯೂಪಲ್ ಅಲ್ಲ, ಸೆಟ್. ಇಲ್ಲವೇ ಟ್ಯೂಪಲ್ ಕಟ್ಟುವ ಮೊದಲೇ ಅಂಶಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಜೋಡಿಸಿಕೊಳ್ಳಿ.

ಹಂತ 2: ನಿಮ್ಮ ಭಾಷೆಯ == ಏನು ಮಾಡುತ್ತದೆ ಎಂದು ನೋಡಿ

ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ಇದು ನಿಜವಾಗಿಯೂ ಓಡುವ ಕೋಡ್:

ಅ = (3, 5)
ಬ = (3, 5)
ಅ == ಬ

ಉತ್ತರ ಟ್ರೂ. ಇಲ್ಲಿ == ರಚನೆಯನ್ನು ನೋಡುತ್ತದೆ. ರೆಫರೆನ್ಸ್ ನೋಡಲು ‘ಈಸ್’ ಇದೆ. ಟ್ಯೂಪಲ್ ಮೇಲೆ ‘ಈಸ್’ ಹಾಕಬೇಡಿ. ಒಂದೇ ಫೈಲಿನಲ್ಲಿ ಬರೆದ ಸ್ಥಿರ ಟ್ಯೂಪಲ್‌ಗಳನ್ನು ಪೈಥಾನ್ ಕೆಲವೊಮ್ಮೆ ಒಂದೇ ಆಬ್ಜೆಕ್ಟ್ ಮಾಡಿಬಿಡುತ್ತದೆ. ಆಗ ‘ಈಸ್’ ಕೂಡ ಟ್ರೂ ಕೊಡುತ್ತದೆ, ಟೆಸ್ಟ್ ಪಾಸಾಗುತ್ತದೆ, ಆಮೇಲೆ ಅದೇ ಮೌಲ್ಯಗಳು ಡೇಟಾಬೇಸ್‌ನಿಂದ ಬಂದಾಗ ಕೈಕೊಡುತ್ತದೆ.

ಜಾವಾದಲ್ಲಿ ಆಬ್ಜೆಕ್ಟ್‌ಗಳ ಮೇಲೆ == ಯಾವಾಗಲೂ ರೆಫರೆನ್ಸ್ ಹೋಲಿಕೆ. ರಚನೆ ನೋಡಬೇಕಾದರೆ ಈಕ್ವಲ್ಸ್ ಕರೆಯಬೇಕು. ಜಾವಾದಲ್ಲಿ ಟ್ಯೂಪಲ್ ಅನ್ನುವ ಟೈಪ್ ಇಲ್ಲ. ಆ ಜಾಗಕ್ಕೆ ಸರಿಯಾಗಿ ಕೂರುವುದು ರೆಕಾರ್ಡ್, ಅಂದರೆ ಮೌಲ್ಯಗಳನ್ನು ಹಿಡಿದಿಡಲೆಂದೇ ಇರುವ ಪುಟ್ಟ ಕ್ಲಾಸ್. ಜಾವಾ 16ರಲ್ಲಿ, ಅಂದರೆ 2021ರಲ್ಲಿ, ಅದು ಪೂರ್ತಿ ಪ್ರಮಾಣದಲ್ಲಿ ಬಂತು. ರೆಕಾರ್ಡ್ ಬರೆದರೆ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ (ಸೆಟ್, ಡಿಕ್ಷನರಿಗಳು ಆಬ್ಜೆಕ್ಟ್ ಹುಡುಕಲು ಬಳಸುವ ಸಂಖ್ಯೆ) ಎರಡನ್ನೂ ಕಂಪೈಲರ್ರೇ ಒದಗಿಸುತ್ತದೆ. ಕಾಟ್ಲಿನ್ ಇನ್ನೂ ಸಲೀಸು: == ಹಾಕಿದರೆ ಈಕ್ವಲ್ಸ್ ಕರೆಯುತ್ತದೆ, ರೆಫರೆನ್ಸ್ ಬೇಕಾದರೆ ===.

ಸಿ ಶಾರ್ಪ್ ಬಳಸುವವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಅಲ್ಲಿ ಎರಡು ಟ್ಯೂಪಲ್‌ಗಳಿವೆ. ಮೊದಲನೆಯದು 2010ರಲ್ಲಿ ಡಾಟ್‌ನೆಟ್ 4ರ ಜೊತೆ ಬಂದ ಟ್ಯೂಪಲ್ ಕ್ಲಾಸ್. ಕ್ಲಾಸ್ ಆದ್ದರಿಂದ == ರೆಫರೆನ್ಸ್ ನೋಡುತ್ತದೆ, ಈಕ್ವಲ್ಸ್ ರಚನೆ ನೋಡುತ್ತದೆ. ಎರಡನೆಯದು 2017ರಲ್ಲಿ ಸಿ ಶಾರ್ಪ್ 7.0 ತಂದ ವ್ಯಾಲ್ಯೂಟ್ಯೂಪಲ್. ಇದು ಸ್ಟ್ರಕ್ಟ್, ಅಂದರೆ ರೆಫರೆನ್ಸ್ ಆಗಿ ಅಲ್ಲ, ಮೌಲ್ಯವಾಗಿಯೇ ಓಡಾಡುವ ಟೈಪ್. ಸುಮ್ನೆ ಕಂಸದೊಳಗೆ ಮೌಲ್ಯ ಬರೆದರೆ ಸಿಗುವುದು ಇದೇ. ಇದರ ಮೇಲೆ == ಬಳಸುವ ಅವಕಾಶ ಬಂದದ್ದು ಮಾತ್ರ 7.3ರಲ್ಲಿ.

ವ್ಯಾಲ್ಯೂಟ್ಯೂಪಲ್‌ನಲ್ಲಿ == ಮತ್ತು ಈಕ್ವಲ್ಸ್ ಎರಡೂ ರಚನೆಯನ್ನೇ ನೋಡುತ್ತವೆ. ಆದರೆ ಒಳಗೆ ದಾಟಿಸುವ ಪ್ರಶ್ನೆ ಬೇರೆ. == ಹಾಕಿದರೆ ಪ್ರತಿ ಅಂಶಕ್ಕೂ ಅದರದರ == ಅನ್ವಯಿಸುತ್ತದೆ. ಈಕ್ವಲ್ಸ್ ಕರೆದರೆ ಪ್ರತಿ ಅಂಶದ ಈಕ್ವಲ್ಸ್ ನಡೆಯುತ್ತದೆ. ಇದರಿಂದ ಎರಡು ವಿಚಿತ್ರ ಹುಟ್ಟುತ್ತವೆ. ಇಂಟ್ ಇರುವ (1, 2) ಮತ್ತು ಲಾಂಗ್ ಇರುವ (1, 2) ಇವನ್ನು == ಸಮ ಅನ್ನುತ್ತದೆ, ಯಾಕೆಂದರೆ ಇಂಟ್ ತಾನಾಗಿ ಲಾಂಗ್ ಆಗಬಲ್ಲದು. ಇಂಟ್ ಟ್ಯೂಪಲ್‌ನ ಈಕ್ವಲ್ಸ್‌ಗೆ ಲಾಂಗ್ ಟ್ಯೂಪಲ್ ಬೇರೆ ಟೈಪ್, ಹಾಗಾಗಿ ಸಮವಲ್ಲ. ಇದರ ಉಲ್ಟಾ ಕೂಡ ಇದೆ. ಒಳಗೆ ನ್ಯಾನ್, ಅಂದರೆ ‘ಸಂಖ್ಯೆಯಲ್ಲ’ ಎಂಬ ಆ ವಿಶೇಷ ಮೌಲ್ಯ, ಇದ್ದರೆ == ಸಮವಲ್ಲ ಅನ್ನುತ್ತದೆ, ಈಕ್ವಲ್ಸ್ ಸಮ ಅನ್ನುತ್ತದೆ. ಡಿಕ್ಷನರಿ ಮತ್ತು ಹ್ಯಾಶ್‌ಸೆಟ್ ಬಳಸುವುದು ಈಕ್ವಲ್ಸ್ ದಾರಿಯನ್ನೇ. ನಿಮ್ಮ ಇಫ್ ಒಂದು ಹೇಳಿ ಡಿಕ್ಷನರಿ ಇನ್ನೊಂದು ಹೇಳಿದರೆ ಕಾರಣ ಇಲ್ಲೇ ಇರಬಹುದು.

ಅಂಶಗಳಿಗೆ ಕೊಟ್ಟ ಹೆಸರು ಹೋಲಿಕೆಯಲ್ಲಿ ಲೆಕ್ಕಕ್ಕಿಲ್ಲ. ಒಂದರಲ್ಲಿ ಉದ್ದ, ಅಗಲ ಅಂತಲೂ ಇನ್ನೊಂದರಲ್ಲಿ ಸಾಲು, ಕಂಬ ಅಂತಲೂ ಇದ್ದರೂ ಮೌಲ್ಯ ಹೊಂದಿದರೆ ಸಮ.

ಸ್ವಿಫ್ಟ್ ಬಗ್ಗೆ ಒಂದೇ ಮಾತು: ಅದರ ಸ್ಟ್ಯಾಂಡರ್ಡ್ ಲೈಬ್ರರಿ 6 ಅಂಶಗಳವರೆಗಿನ ಟ್ಯೂಪಲ್‌ಗೆ ಮಾತ್ರ == ಕೊಡುತ್ತದೆ. ಏಳನೆಯ ಅಂಶ ಬೇಕು ಅನ್ನಿಸಿದರೆ ಅದಕ್ಕೊಂದು ಸ್ಟ್ರಕ್ಟ್ ಬರೆಯುವ ಹೊತ್ತು ಬಂದಿದೆ ಅಂತಲೇ ತಿಳಿಯಿರಿ.

ಹಂತ 3: ಒಂದೊಂದು ಅಂಶವನ್ನೂ ವಿಚಾರಿಸಿಕೊಳ್ಳಿ

ನಿಜವಾದ ಬಗ್‌ಗಳು ಅಡಗಿ ಕೂರುವುದು ಇಲ್ಲಿ. ಟ್ಯೂಪಲ್ ಪ್ರಶ್ನೆಯನ್ನು ಸರಿಯಾಗಿಯೇ ದಾಟಿಸಿರುತ್ತದೆ. ಒಳಗಿನವರು ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿರುತ್ತಾರೆ.

ಮೊದಲ ಆರೋಪಿ ಅರೇ. ಜಾವಾ ರೆಕಾರ್ಡ್, ಕಾಟ್ಲಿನ್ ಡೇಟಾ ಕ್ಲಾಸ್, ಸಿ ಶಾರ್ಪ್ ಟ್ಯೂಪಲ್ ಮತ್ತು ರೆಕಾರ್ಡ್ ಎಲ್ಲದರಲ್ಲೂ ಇದೇ ಕಥೆ: ಒಳಗೊಂದು ಅರೇ ಇಟ್ಟರೆ ಅದನ್ನು ರೆಫರೆನ್ಸ್ ನೋಡಿಯೇ ಹೋಲಿಸಲಾಗುತ್ತದೆ. ಹೊರಗಿನ ಪದರ ರಚನೆ ನೋಡುತ್ತದೆ, ಒಳಗಿನ ಪದರ ನೋಡುವುದಿಲ್ಲ. ಜಾವಾದಲ್ಲಿ ಇದಕ್ಕೆ ಸುಲಭ ಪರಿಹಾರ ಅರೇ ಬಿಟ್ಟು ಲಿಸ್ಟ್ ಇಡುವುದು. ಲಿಸ್ಟ್‌ನ ಈಕ್ವಲ್ಸ್ ಅಂಶಗಳನ್ನು ನೋಡುತ್ತದೆ. ಅರೇ ಬೇಕೇ ಬೇಕು ಅಂದರೆ ಈಕ್ವಲ್ಸ್ ಅನ್ನು ನೀವೇ ಬರೆದು ಅದರೊಳಗೆ ಅರೇಸ್ ಕ್ಲಾಸಿನ ಈಕ್ವಲ್ಸ್ ಕರೆಯಿರಿ. ಅರೇ ಒಳಗೆ ಅರೇ ಇದ್ದರೆ ಡೀಪ್‌ಈಕ್ವಲ್ಸ್.

ಸಿ ಶಾರ್ಪ್‌ನಲ್ಲಿ ಇದಕ್ಕೆಂದೇ ಒಂದು ಇಂಟರ್‌ಫೇಸ್ ಇದೆ: ಐ-ಸ್ಟ್ರಕ್ಚರಲ್-ಈಕ್ವೇಟಬಲ್. ಇದೂ ಡಾಟ್‌ನೆಟ್ 4ರ ಕಾಲದ್ದು. ಎರಡೂ ಬಗೆಯ ಟ್ಯೂಪಲ್‌ಗಳು ಮತ್ತು ಅರೇಗಳು ಇದನ್ನು ಪಾಲಿಸುತ್ತವೆ. ಇದರ ವಿಶೇಷ ಏನೆಂದರೆ ಅಂಶಗಳನ್ನು ಹೋಲಿಸುವ ನಿಯಮವನ್ನು ನಾವೇ ಹೊರಗಿನಿಂದ ಕೊಡಬಹುದು. ಹೋಲಿಕೆಗಾರ ಆಬ್ಜೆಕ್ಟ್ ಒಂದನ್ನು ಕೊಟ್ಟರೆ ಟ್ಯೂಪಲ್ ಪ್ರತಿ ಅಂಶಕ್ಕೂ ಅದನ್ನೇ ಬಳಸುತ್ತದೆ. ಡಾಟ್‌ನೆಟ್ ಜೊತೆಗೇ ಬರುವ ಸ್ಟ್ರಕ್ಚರಲ್-ಈಕ್ವಾಲಿಟಿ-ಕಂಪೇರರ್ ಕೊಟ್ಟರೆ ಅದು ಟ್ಯೂಪಲ್ ಒಳಗಿನ ಅರೇಯ ಒಳಗೂ ಇಳಿಯುತ್ತದೆ. ಸಂಖ್ಯೆಗಳನ್ನೆಲ್ಲ ಆಬ್ಜೆಕ್ಟ್ ಮಾಡಿ ಸುತ್ತುವುದರಿಂದ ಸ್ವಲ್ಪ ನಿಧಾನ. ಲಕ್ಷಗಟ್ಟಲೆ ಸಲ ನಡೆಯುವ ಲೂಪ್‌ನಲ್ಲಿ ಬೇಡ, ಟೆಸ್ಟ್‌ಗಳಲ್ಲಿ ಧಾರಾಳವಾಗಿ ಬಳಸಿ.

ಎರಡನೆಯದು ದಶಮಾಂಶ ಸಂಖ್ಯೆಗಳು. 0.1 + 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಗ ‘ಸ್ವಲ್ಪ ವ್ಯತ್ಯಾಸ ಇದ್ದರೂ ಸಮ ಅನ್ನೋಣ’ ಎಂಬ ನಿಯಮವನ್ನು ಈಕ್ವಲ್ಸ್ ಒಳಗೆ ತುರುಕುವ ಆಸೆ ಹುಟ್ಟುತ್ತದೆ. ಬೇಡ. 1.0 ಮತ್ತು 1.4 ಸಮ, 1.4 ಮತ್ತು 1.8 ಸಮ, ಆದರೆ 1.0 ಮತ್ತು 1.8 ಸಮವಲ್ಲ ಅಂತಾದರೆ ಅದು ಸಮಾನತೆಯೇ ಅಲ್ಲ. ಹ್ಯಾಶ್ ಕೂಡ ಕೆಡುತ್ತದೆ. ಅಂದಾಜು ಹೋಲಿಕೆ ಬೇಕಾದರೆ ‘ಹತ್ತಿರವೇ’ ಅಂತ ಬೇರೊಂದು ಮೆಥಡ್ ಬರೆಯಿರಿ.

ನ್ಯಾನ್ ಅಂತೂ ತನ್ನದೇ ಲೋಕ. ಪೈಥಾನ್‌ನಲ್ಲಿ ನ್ಯಾನ್ ತನಗೆ ತಾನೇ ಸಮವಲ್ಲ. ಆದರೆ ಅದೇ ನ್ಯಾನ್ ಆಬ್ಜೆಕ್ಟ್ ಅನ್ನು ಎರಡು ಟ್ಯೂಪಲ್‌ಗಳಲ್ಲಿ ಇಟ್ಟು ಹೋಲಿಸಿ, ಟ್ರೂ ಬರುತ್ತದೆ! ಟ್ಯೂಪಲ್ ಮೊದಲು ‘ಇವೆರಡೂ ಅದೇ ಆಬ್ಜೆಕ್ಟಾ?’ ಎಂದು ನೋಡುತ್ತದೆ. ಹೌದಾದರೆ == ಕೇಳುವ ಗೋಜಿಗೇ ಹೋಗುವುದಿಲ್ಲ. ಬೇರೆ ಬೇರೆಯಾಗಿ ಹುಟ್ಟಿಸಿದ ಎರಡು ನ್ಯಾನ್ ಇಟ್ಟರೆ ಫಾಲ್ಸ್. ಜಾವಾ ರೆಕಾರ್ಡ್‌ನಲ್ಲಿ ಡಬಲ್ ಫೀಲ್ಡ್‌ಗಳಿದ್ದರೆ ನ್ಯಾನ್ ಮತ್ತು ನ್ಯಾನ್ ಸಮ, ಆದರೆ 0.0 ಮತ್ತು -0.0 ಸಮವಲ್ಲ. ಪೈಥಾನ್‌ನಲ್ಲಿ ಆ ಎರಡು ಸೊನ್ನೆಗಳು ಸಮ.

ಜಾವಾದ ಬಿಗ್‌ಡೆಸಿಮಲ್ ಇನ್ನೊಂದು ಕಣ್ಣಾಮುಚ್ಚಾಲೆ. ಅದರ ಈಕ್ವಲ್ಸ್ ಪ್ರಕಾರ 2.0 ಮತ್ತು 2.00 ಸಮವಲ್ಲ, ಬಿಂದುವಿನ ಮುಂದೆ ಎಷ್ಟು ಅಂಕೆ ಇದೆ ಎಂಬುದನ್ನೂ ಅದು ನೋಡುತ್ತದೆ. ಕಂಪೇರ್‌ಟು ಕೇಳಿದರೆ ಸಮ. ಈಕ್ವಲ್ಸ್ ಅನ್ನು ಜಾಣ ಮಾಡಲು ಹೋಗುವ ಬದಲು ಕನ್‌ಸ್ಟ್ರಕ್ಟರ್‌ನಲ್ಲೇ ಮೌಲ್ಯವನ್ನು ಒಂದು ರೂಪಕ್ಕೆ ತಂದುಬಿಡಿ. ಕೊನೆಯ ಸೊನ್ನೆಗಳನ್ನು ತೆಗೆಯುವ ಮೆಥಡ್ ಅಲ್ಲೇ ಇದೆ. ನನ್ನ ಪ್ರಕಾರ ಇದು ಎಲ್ಲ ಅಂಶಗಳಿಗೂ ಒಪ್ಪುವ ದಾರಿ: ಒಳಗೆ ಬರುವಾಗಲೇ ಒಪ್ಪ ಮಾಡಿ, ಹೋಲಿಕೆಯನ್ನು ಸರಳವಾಗಿ ಬಿಡಿ.

ಪಠ್ಯಕ್ಕೂ ಇದು ಅನ್ವಯಿಸುತ್ತದೆ. ‘ಕೊ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಕ ಮತ್ತು ಒ-ಕಾರದ ಚಿಹ್ನೆ, ಒಟ್ಟು ಎರಡು ಕೋಡ್ ಪಾಯಿಂಟ್. ಇಲ್ಲವೇ ಕ, ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ, ಒಟ್ಟು ಮೂರು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು. ಸ್ಟ್ರಿಂಗ್ ಹೋಲಿಕೆಗೆ ಇವು ಬೇರೆ. ಟ್ಯೂಪಲ್‌ಗೂ ಬೇರೆ. ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಥರದ ಬರಹವನ್ನು ಒಂದೇ ಥರ ಮಾಡುವ ರೂಪ) ತಂದು ಆಮೇಲೆ ಟ್ಯೂಪಲ್‌ಗೆ ಹಾಕಿದರೆ ಈ ತಲೆನೋವಿಲ್ಲ.

ಹಂತ 4: ಟೈಪ್ ಬೇರೆ ಇದ್ದರೆ ಏನು ಮಾಡುವುದು?

ಪೈಥಾನ್‌ನಲ್ಲಿ (1, 2) ಮತ್ತು (1.0, 2) ಸಮ, ಯಾಕೆಂದರೆ 1 ಮತ್ತು 1.0 ಸಮ. ಆದರೆ ಟ್ಯೂಪಲ್ (1, 2) ಮತ್ತು ಲಿಸ್ಟ್ [1, 2] ಸಮವಲ್ಲ. ಇಷ್ಟಕ್ಕೆ ತೊಂದರೆಯಿಲ್ಲ. ತೊಂದರೆ ಕೊಡುವುದು ನೇಮ್ಡ್‌ಟ್ಯೂಪಲ್, ಅಂದರೆ ಅಂಶಗಳಿಗೆ ಹೆಸರು ಕೊಟ್ಟ ಟ್ಯೂಪಲ್. ‘ಬಿಂದು’ ಎಂಬ ನೇಮ್ಡ್‌ಟ್ಯೂಪಲ್‌ನಲ್ಲಿ (3, 5) ಇದೆ, ‘ಅಳತೆ’ ಎಂಬ ಇನ್ನೊಂದರಲ್ಲಿ (3, 5) ಇದೆ ಅನ್ನಿ. == ಹಾಕಿದರೆ ಟ್ರೂ! ಎರಡೂ ಒಳಗೆ ಬರೀ ಟ್ಯೂಪಲ್‌ಗಳೇ ಆದ್ದರಿಂದ ಹೆಸರಿಗೆ ಬೆಲೆಯಿಲ್ಲ. ಬಿಂದುವನ್ನೂ ಅಳತೆಯನ್ನೂ ಒಂದೇ ಸೆಟ್‌ಗೆ ಹಾಕಿದರೆ ಒಂದು ಸದ್ದಿಲ್ಲದೆ ಮಾಯವಾಗುತ್ತದೆ.

ಅರ್ಥ ಬೇರೆಯಾದರೆ ಸಮವಾಗಬಾರದು ಅನ್ನುವವರಿಗೆ ಡೇಟಾಕ್ಲಾಸ್ ಇದೆ, ಪೈಥಾನ್ 3.7ರಿಂದ. ಅದು ಕ್ಲಾಸ್ ಒಂದೇ ಆಗಿದ್ದರೆ ಮಾತ್ರ ಫೀಲ್ಡ್‌ಗಳನ್ನು ಹೋಲಿಸುತ್ತದೆ. ಜೊತೆಗೆ ಫೀಲ್ಡ್‌ಗಳು ಬದಲಾಗದಂತೆ ತಡೆಯುವ ಫ್ರೋಜನ್ ಆಯ್ಕೆಯನ್ನು ಟ್ರೂ ಮಾಡಿ. ಇಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕೆ ಹ್ಯಾಶ್ ಸಿಗುವುದಿಲ್ಲ, ಡಿಕ್ಷನರಿಯ ಕೀ ಆಗಿ ಬಳಸಲು ಆಗುವುದಿಲ್ಲ.

ಹಂತ 5: ನೀವೇ ಬರೆಯಬೇಕಾದರೆ

ಭಾಷೆ ತಾನೇ ಕೊಟ್ಟಿದ್ದನ್ನು ಬಿಟ್ಟು ಈಕ್ವಲ್ಸ್ ಬರೆಯುವ ಅಗತ್ಯ ಈಗ ಕಡಿಮೆ. ಹಳೆಯ ಕೋಡ್‌ನಲ್ಲಿ, ಅಥವಾ ಅರೇ ಇಟ್ಟುಕೊಳ್ಳಲೇಬೇಕಾದ ಕಡೆ, ಬೇಕಾಗುತ್ತದೆ. ಕ್ರಮ ಹೀಗಿರಲಿ:

ಸಮವೇ(ನಾನು, ಇನ್ನೊಂದು):
    ಎರಡೂ ಅದೇ ಆಬ್ಜೆಕ್ಟ್ ಆದರೆ → ಹೌದು
    ಇನ್ನೊಂದು ನಲ್ ಆದರೆ → ಇಲ್ಲ
    ಕ್ಲಾಸ್ ಬೇರೆ ಆದರೆ → ಇಲ್ಲ
    ಉದ್ದ ಬೇರೆ ಆದರೆ → ಇಲ್ಲ
    ಪ್ರತಿ ಜಾಗಕ್ಕೂ:
        ಅಂಶಗಳು ಸಮವಲ್ಲದಿದ್ದರೆ → ಇಲ್ಲ
    → ಹೌದು

ಮೊದಲ ಸಾಲು ವೇಗಕ್ಕೆ ಮಾತ್ರವಲ್ಲ. ಒಳಗೆ ನ್ಯಾನ್ ಇದ್ದರೂ ಆಬ್ಜೆಕ್ಟ್ ತನಗೆ ತಾನು ಸಮ ಎಂಬ ನಿಯಮ ಉಳಿಯುವುದು ಅದರಿಂದಲೇ. ಅಂಶಗಳನ್ನು ಹೋಲಿಸುವ ಸಾಲಿನಲ್ಲಿ ಜಾವಾದವರು ಆಬ್ಜೆಕ್ಟ್ಸ್ ಕ್ಲಾಸಿನ ಈಕ್ವಲ್ಸ್ ಬಳಸಿ. ಎರಡೂ ನಲ್ ಆಗಿದ್ದರೆ, ಒಂದೇ ನಲ್ ಆಗಿದ್ದರೆ ಏನು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಮರೆತು == ಹಾಕಿದಿರೋ, ಇಂಟಿಜರ್ ಫೀಲ್ಡ್ ಇರುವಾಗ ಒಂದು ಕೆಟ್ಟ ಬಗ್ ಕಾದಿರುತ್ತದೆ. ಜಾವಾ -128ರಿಂದ 127ರವರೆಗಿನ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಮೊದಲೇ ಇಟ್ಟುಕೊಂಡು ಮತ್ತೆ ಮತ್ತೆ ಕೊಡುತ್ತದೆ. ಹಾಗಾಗಿ 100 ಹಾಕಿ ನೋಡಿದರೆ ಎಲ್ಲ ಸರಿ. 1000 ಬಂದ ದಿನ ಸಮವಾದವು ಸಮವಲ್ಲ ಅನ್ನುತ್ತವೆ.

ಹಗುರ ಫೀಲ್ಡ್‌ಗಳನ್ನು ಮೊದಲು ಹೋಲಿಸಿ, ಉದ್ದನೆಯ ಪಠ್ಯವನ್ನು ಕೊನೆಗಿಡಿ. ಒಂದು ಕಡೆ ಇಲ್ಲ ಬಂದರೆ ಸಾಕು, ಮುಂದೆ ನೋಡಬೇಕಿಲ್ಲ.

ಟ್ಯೂಪಲ್ ಒಳಗಿನ ಲಿಸ್ಟ್ ಮತ್ತೆ ಅದೇ ಟ್ಯೂಪಲ್ ಅನ್ನು ಹಿಡಿದಿದ್ದರೆ? ಇಂಥ ಸುತ್ತು ಹಾಕಿದ ಎರಡು ರಚನೆಗಳನ್ನು ಪೈಥಾನ್‌ನಲ್ಲಿ ಹೋಲಿಸಿದರೆ ಒಳಗೆ ಇಳಿಯುತ್ತಲೇ ಹೋಗಿ ಕೊನೆಗೆ ರಿಕರ್ಶನ್ ಎರರ್ ಬರುತ್ತದೆ. ಅಪರೂಪ, ಆದರೆ ಮರ ಮತ್ತು ಗ್ರಾಫ್ ಕಟ್ಟುವವರಿಗೆ ಎದುರಾಗುತ್ತದೆ.

ಹಂತ 6: ಹ್ಯಾಶ್ ಅನ್ನು ಜೊತೆಗೇ ಬದಲಿಸಿ

ಸಮವಾದ ಎರಡು ಆಬ್ಜೆಕ್ಟ್‌ಗಳ ಹ್ಯಾಶ್ ಒಂದೇ ಆಗಿರಲೇಬೇಕು. ಈಕ್ವಲ್ಸ್ ಮುಟ್ಟಿ ಹ್ಯಾಶ್ ಬಿಟ್ಟರೆ ಸೆಟ್‌ನಲ್ಲಿ ಹಾಕಿದ್ದು ಹುಡುಕಿದಾಗ ಸಿಗುವುದಿಲ್ಲ. ಹ್ಯಾಶ್ ಒಂದೇ ಆದ ಮಾತ್ರಕ್ಕೆ ಸಮ ಆಗಬೇಕಿಲ್ಲ, ಆದರೆ ಹಾಗೆ ಡಿಕ್ಕಿ ಹೊಡೆಯುವುದು ಜಾಸ್ತಿಯಾದರೆ ಸೆಟ್ ನಿಧಾನವಾಗುತ್ತದೆ.

ಎಲ್ಲ ಅಂಶಗಳ ಹ್ಯಾಶ್ ಮೇಲೆ ಎಕ್ಸಾರ್ (ಎರಡು ಸಂಖ್ಯೆಗಳ ಬಿಟ್‌ಗಳು ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0 ಕೊಡುವ ಲೆಕ್ಕ) ಹಾಕಿಬಿಡುವುದು ಹಲವರ ಅಭ್ಯಾಸ. ಟ್ಯೂಪಲ್‌ಗೆ ಇದು ಕೆಟ್ಟ ಆಯ್ಕೆ. ಪೂರ್ಣಾಂಕದ ಹ್ಯಾಶ್ ಆ ಸಂಖ್ಯೆಯೇ ಅಂದುಕೊಂಡರೆ (3, 5) ಮತ್ತು (5, 3) ಎರಡಕ್ಕೂ 6 ಬರುತ್ತದೆ. (4, 4), (9, 9), ಹೀಗೆ ಜೋಡಿ ಒಂದೇ ಇದ್ದಾಗೆಲ್ಲ ಸೊನ್ನೆ. ಜಾವಾದ ಲಿಸ್ಟ್ ಮಾಡುವುದು ಬೇರೆ: 1ರಿಂದ ಶುರು ಮಾಡಿ, ಪ್ರತಿ ಸಲ 31ರಿಂದ ಗುಣಿಸಿ, ಮುಂದಿನ ಅಂಶದ ಹ್ಯಾಶ್ ಕೂಡಿಸುತ್ತದೆ. (3, 5)ಕ್ಕೆ 1059, (5, 3)ಕ್ಕೆ 1119. ಜಾಗದ ಬೆಲೆ ಉಳಿಯಿತು ಅಲ್ವಾ? ಇದನ್ನೂ ಕೈಯಾರೆ ಬರೆಯಬೇಕಿಲ್ಲ. ಜಾವಾದಲ್ಲಿ ಆಬ್ಜೆಕ್ಟ್ಸ್ ಕ್ಲಾಸಿನ ಹ್ಯಾಶ್ ಮೆಥಡ್, ಹೊಸ ಡಾಟ್‌ನೆಟ್‌ನಲ್ಲಿ ಹ್ಯಾಶ್‌ಕೋಡ್‌ನ ಕಂಬೈನ್ ಇವೆ. ಈಕ್ವಲ್ಸ್‌ನಲ್ಲಿ ಅರೇಯ ಅಂಶಗಳನ್ನು ನೋಡಿದ್ದರೆ ಹ್ಯಾಶ್‌ನಲ್ಲೂ ಅಂಶಗಳನ್ನೇ ನೋಡಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಬದಲಾಗುವ ಅಂಶ ಒಳಗಿದ್ದರೆ ಇನ್ನೊಂದು ಅಪಾಯ. ಅರೇಲಿಸ್ಟ್ ಇರುವ ಜಾವಾ ರೆಕಾರ್ಡ್ ಒಂದನ್ನು ಹ್ಯಾಶ್‌ಸೆಟ್‌ಗೆ ಹಾಕಿ, ಆಮೇಲೆ ಆ ಲಿಸ್ಟ್‌ಗೆ ಒಂದು ಅಂಶ ಸೇರಿಸಿ. ಈಗ ಅದೇ ರೆಕಾರ್ಡ್ ಸೆಟ್‌ನಲ್ಲಿದೆಯಾ ಎಂದು ಕೇಳಿದರೆ ಬಹುತೇಕ ಇಲ್ಲ ಅನ್ನುತ್ತದೆ. ಒಳಗೇ ಕೂತಿರುತ್ತದೆ, ಸಿಗುವುದಿಲ್ಲ. ಪೈಥಾನ್ ಇಲ್ಲಿ ಕಟ್ಟುನಿಟ್ಟು. ಟ್ಯೂಪಲ್ ಒಳಗೆ ಲಿಸ್ಟ್ ಇದ್ದರೆ ಹ್ಯಾಶ್ ಕೇಳಿದ ಕ್ಷಣವೇ ಟೈಪ್ ಎರರ್ ಎಸೆಯುತ್ತದೆ. ಕಿರಿಕಿರಿ ಅನ್ನಿಸಿದರೂ ಇದೇ ಒಳ್ಳೆಯದು. ಜಾವಾದಲ್ಲಿ ಕನ್‌ಸ್ಟ್ರಕ್ಟರ್‌ನಲ್ಲೇ ಲಿಸ್ಟ್‌ನ ಬದಲಾಗದ ಪ್ರತಿ ಮಾಡಿಟ್ಟುಕೊಳ್ಳಿ. ಲಿಸ್ಟ್‌ನ ಕಾಪಿ-ಆಫ್ ಅದನ್ನೇ ಮಾಡುತ್ತದೆ.

ಹಂತ 7: ಇನ್‌ಹೆರಿಟೆನ್ಸ್ ಬಂದರೆ

(ಉದ್ದ, ಅಗಲ) ಇರುವ ‘ಅಳತೆ’ ಕ್ಲಾಸ್ ಇದೆ. ಅದರಿಂದ ಹುಟ್ಟಿದ ‘ಮಾನವಿರುವ ಅಳತೆ’ಯಲ್ಲಿ ಸೆಂಟಿಮೀಟರಾ ಇಂಚಾ ಎಂಬ ಮೂರನೆಯ ಫೀಲ್ಡ್ ಇದೆ. ತಾಯಿ ಕ್ಲಾಸ್ ‘ಇನ್ನೊಂದೂ ಒಂದು ಅಳತೆಯೇ’ ಎಂದು ಮಾತ್ರ ಪರೀಕ್ಷಿಸಿದರೆ (3, 5) ಮತ್ತು (3, 5, ಇಂಚು) ಸಮ ಅನ್ನುತ್ತದೆ. ಮಗು ಕ್ಲಾಸ್ ಮೂರನೆಯ ಫೀಲ್ಡ್ ಹುಡುಕಿ ಸಮವಲ್ಲ ಅನ್ನುತ್ತದೆ. ಯಾರ ಕಡೆಯಿಂದ ಕೇಳಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಎದುರಿಗಿರುವುದು ಬರೀ ‘ಅಳತೆ’ ಆದಾಗ ಮಾತ್ರ ಮಾನವನ್ನು ಲೆಕ್ಕಿಸದೆ ಹೋಲಿಸೋಣ ಎಂದು ಮಗುವನ್ನು ಸಡಿಲಿಸಿದರೆ ಇನ್ನೂ ಕಷ್ಟ: 3, 5 ಇಂಚು ಬರೀ 3, 5ಕ್ಕೆ ಸಮ, ಅದು 3, 5 ಸೆಂಟಿಮೀಟರ್‌ಗೆ ಸಮ, ಆದರೆ ಇಂಚು ಮತ್ತು ಸೆಂಟಿಮೀಟರ್ ಸಮವಲ್ಲ.

ಹೊಸ ಭಾಷೆಗಳು ಈ ಬಾಗಿಲನ್ನೇ ಮುಚ್ಚಿವೆ. ಜಾವಾ ರೆಕಾರ್ಡ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿಸಲು ಆಗುವುದಿಲ್ಲ. ಕಾಟ್ಲಿನ್ ಡೇಟಾ ಕ್ಲಾಸ್‌ನದ್ದೂ ಅದೇ. ಸಿ ಶಾರ್ಪ್ 9ರ ರೆಕಾರ್ಡ್ ಕ್ಲಾಸ್ ಇನ್‌ಹೆರಿಟೆನ್ಸ್ ಒಪ್ಪುತ್ತದೆ, ಆದರೆ ಹೋಲಿಸುವಾಗ ಎರಡೂ ಕಡೆಯ ರೆಕಾರ್ಡ್ ಟೈಪ್ ಒಂದೇ ಇದೆಯಾ ಎಂದು ತಾನೇ ನೋಡುತ್ತದೆ. ನೀವು ಬರೆಯುವ ಕ್ಲಾಸ್‌ನಲ್ಲಿ ಫೈನಲ್ ಅಥವಾ ಸೀಲ್ಡ್ ಹಾಕಿ, ಹೆಚ್ಚಿನ ಫೀಲ್ಡ್ ಬೇಕಾದಾಗ ಹಳೆಯ ಆಬ್ಜೆಕ್ಟ್ ಅನ್ನು ಹೊಸದರ ಒಳಗೆ ಒಂದು ಫೀಲ್ಡ್ ಆಗಿ ಇಡಿ.

ಹಂತ 8: ಟೆಸ್ಟ್

ಒಂದೇ ಮೌಲ್ಯದ ಎರಡು ಟ್ಯೂಪಲ್‌ಗಳನ್ನು ಬೇರೆ ಬೇರೆ ಕಡೆ ಹುಟ್ಟಿಸಿ ಹೋಲಿಸಿ. ಸ್ಥಿರ ಮೌಲ್ಯಗಳನ್ನು ಪಕ್ಕಪಕ್ಕ ಬರೆಯಬೇಡಿ, ಲೆಕ್ಕ ಹಾಕಿ ಬಂದ ಮೌಲ್ಯ ಬಳಸಿ. ಸಂಖ್ಯೆ 127 ದಾಟಲಿ. ಎಡದಿಂದಲೂ ಬಲದಿಂದಲೂ ಕೇಳಿ. ಅಂಶಗಳನ್ನು ಅದಲು ಬದಲು ಮಾಡಿ ನೋಡಿ, ಒಂದು ಅಂಶವನ್ನು ನಲ್ ಮಾಡಿ ನೋಡಿ. ಪ್ರತಿ ಫೀಲ್ಡ್‌ಗೂ ಒಂದೊಂದು ಟೆಸ್ಟ್ ಇರಲಿ, ಅದರಲ್ಲಿ ಆ ಫೀಲ್ಡ್ ಮಾತ್ರ ಬೇರೆ ಇರಲಿ. ಆರು ತಿಂಗಳ ನಂತರ ಯಾರೋ ಹೊಸ ಫೀಲ್ಡ್ ಸೇರಿಸಿ ಈಕ್ವಲ್ಸ್‌ನಲ್ಲಿ ಅದನ್ನು ಬಿಟ್ಟುಬಿಡುವುದು ಕೈಬರಹದ ಈಕ್ವಲ್ಸ್‌ಗಳಲ್ಲಿ ತೀರಾ ಸಾಮಾನ್ಯ. ಕೊನೆಗೆ ಒಂದನ್ನು ಸೆಟ್‌ಗೆ ಹಾಕಿ, ಅದಕ್ಕೆ ಸಮವಾದ ಇನ್ನೊಂದರಿಂದ ಹುಡುಕಿ. ಈಕ್ವಲ್ಸ್ ಟೆಸ್ಟ್‌ಗಳೆಲ್ಲ ಪಾಸಾಗಿ ಇದೊಂದು ಬಿದ್ದರೆ ನೋಡಬೇಕಾದದ್ದು ಹ್ಯಾಶ್ ಅನ್ನು.